ನಿಂತಾಗ ನಡುಗುವ ಗಾಡಿ: ಐಡ್ಲಿಂಗ್ ಸ್ಕ್ರೂ ತಿರುವೋ ಮುಂಚೆ ಇಷ್ಟು ನೋಡಿ

ಕುಕನೂರು: ಕಾರು ರಸ್ತೆ ಮೇಲೆ ಚೆನ್ನಾಗೇ ಓಡ್ತದೆ. ಆದರೆ ಬಸ್ ನಿಲ್ದಾಣದ ಮುಂದೆ ದನ ಅಡ್ಡ ಬಂತು ಅಂತ ರೇಸ್ ಬಿಟ್ಟು ಬ್ರೇಕ್ ಒತ್ತಿದರೆ ಟಪ್ ಅಂತ ಎಂಜಿನ್ ಬಂದ್. ಹಿಂದಿನವರ ಹಾರ್ನ್ ಶುರು. ಇನ್ನು ಕೆಲವರ ಗಾಡಿ ಬಂದ್ ಆಗೋದಿಲ್ಲ, ನಿಂತಲ್ಲೇ ಸ್ಟೇರಿಂಗ್ ಸಮೇತ ಗಡಗಡ ನಡುಗ್ತದೆ. ಮತ್ತೆ ಕೆಲವರದು ರೇಸ್ ಕೊಡದಿದ್ದರೂ ತಾನಾಗೇ ಜೋರಾಗಿ ಕೂಗ್ತದೆ, ಅಥವಾ ಏರೋದು ಇಳಿಯೋದು ಮಾಡ್ತದೆ.

ಇವೆಲ್ಲಕ್ಕೂ ಗ್ಯಾರೇಜಿನ ಭಾಷೆಯಲ್ಲಿ ಒಂದೇ ಹೆಸರು, 'ಐಡ್ಲಿಂಗ್ ಪ್ರಾಬ್ಲಂ'. ಹೆಸರು ಒಂದೇ ಆದರೂ ಕಾರಣ ಒಂದೇ ಅಲ್ಲ. ತೊಂದರೆ ಆಗೋದು ಇಲ್ಲೇ. ಕಾರಣ ಹುಡುಕದೆ ಮೊದಲು ಪ್ಲಗ್, ಆಮೇಲೆ ಕಾಯಿಲ್, ಆಮೇಲೆ ಫ್ಯೂಯಲ್ ಪಂಪ್ ಅಂತ ಒಂದೊಂದೇ ಸಾಮಾನು ಬದಲಿಸುತ್ತಾ ಹೋದರೆ ಸಾವಿರಾರು ರೂಪಾಯಿ ಖರ್ಚಾದ ಮೇಲೂ ಗಾಡಿ ಮೊದಲಿನಂತೆಯೇ ನಡುಗುತ್ತಿರುತ್ತದೆ. ದಿನಾ ಕೊಪ್ಪಳ, ಗದಗ, ಯಲಬುರ್ಗಾ ಅಂತ ತಿರುಗುವ ಬಾಡಿಗೆ ಗಾಡಿಯವರಿಗೆ, ಅಂಗಡಿ ಸಾಮಾನು ತರುವ ವ್ಯಾಪಾರಸ್ಥರಿಗೆ ಇದು ದುಡ್ಡಿನ ಜೊತೆ ದುಡಿಮೆಯ ದಿನವನ್ನೂ ತಿನ್ನುವ ಸಮಸ್ಯೆ. ಕೆಲವೊಮ್ಮೆ ಜೀವಕ್ಕೂ ಅಪಾಯ.

ಹಾಗಾಗಿ ಗ್ಯಾರೇಜಿಗೆ ಹೋಗುವ ಮುಂಚೆ ಗಾಡಿ ಮಾಲೀಕರೇ ಏನು ನೋಡಬಹುದು, ಏನು ಮುಟ್ಟಬಾರದು, ಮೆಕ್ಯಾನಿಕ್‌ಗೆ ಏನು ಹೇಳಬೇಕು ಅನ್ನೋದರ ಮಾಹಿತಿ ಇಲ್ಲಿದೆ.

ಐಡ್ಲಿಂಗ್ ಅಂದರೆ ಏನು?

ರೇಸ್ ಪೆಡಲ್ ಮೇಲೆ ಕಾಲಿಡದೆ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗೇ ತಿರುಗುವ ವೇಗವೇ ಐಡ್ಲಿಂಗ್. ಎಂಜಿನ್ ಬಿಸಿಯಾದ ಮೇಲೆ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇದು ನಿಮಿಷಕ್ಕೆ 700ರಿಂದ 900 ಸುತ್ತು, ಅಂದರೆ 700ರಿಂದ 900 ಆರ್‌ಪಿಎಂ ಇರುತ್ತದೆ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಮಾಲೀಕರ ಕೈಪಿಡಿಯಲ್ಲಿ ಅಥವಾ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಸಿಗಬಹುದು.

ಎಂಜಿನ್ ತಿರುಗಬೇಕಾದರೆ ಗಾಳಿ, ಇಂಧನ, ಕಿಡಿ ಈ ಮೂರೂ ಬೇಕು. ರೇಸ್ ಬಿಟ್ಟಾಗ ಗಾಳಿ ಹೋಗುವ ದಾರಿಯಲ್ಲಿರುವ ಥ್ರಾಟಲ್ ಎಂಬ ತಟ್ಟೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಆಗ ಉಸಿರಾಟಕ್ಕೆ ಉಳಿಯೋದು ಸಣ್ಣ ಸಂದು ಮಾತ್ರ. ಹಳೆಯ ಎಂಪಿಎಫ್‌ಐ ಗಾಡಿಗಳಲ್ಲಿ ಈ ಸಂದನ್ನು 'ಐಡಲ್ ವಾಲ್ವ್' ಅನ್ನೋ ಸಣ್ಣ ಮೋಟಾರು ಹಿಗ್ಗಿಸಿ ಕುಗ್ಗಿಸುತ್ತದೆ. ಹೊಸ ಗಾಡಿಗಳಲ್ಲಿ ಥ್ರಾಟಲ್ ತಟ್ಟೆಯನ್ನೇ ಮೋಟಾರು ಕೂದಲೆಳೆಯಷ್ಟು ತೆರೆದಿಡುತ್ತದೆ. ಎಷ್ಟು ತೆರೆಯಬೇಕು ಅಂತ ಹೇಳೋದು ಇಸಿಎಂ, ಅಂದರೆ ಗಾಡಿಯ ಕಂಪ್ಯೂಟರ್. ಎಂಜಿನ್ ಎಷ್ಟು ಬಿಸಿ ಇದೆ, ಎಸಿ ಆನ್ ಆಗಿದೆಯಾ, ಗಾಳಿ ಎಷ್ಟು ಬರ್ತಿದೆ ಅಂತ ಸೆನ್ಸರ್‌ಗಳಿಂದ ಕೇಳಿಕೊಂಡು ಅದು ತೀರ್ಮಾನ ಮಾಡುತ್ತದೆ.

ಹೆದ್ದಾರಿಯಲ್ಲಿ ಓಡುವಾಗ ಗಾಳಿ ಧಾರಾಳವಾಗಿ ಹೋಗ್ತಿರುತ್ತದೆ. ಸಣ್ಣ ಪುಟ್ಟ ದೋಷ ಇದ್ದರೂ ಗೊತ್ತಾಗೋದಿಲ್ಲ. ಐಡ್ಲಿಂಗ್‌ನಲ್ಲಿ ಮಾತ್ರ ಎಂಜಿನ್ ಅತಿ ಕಡಿಮೆ ಗಾಳಿಯಲ್ಲಿ ಬದುಕಿರುತ್ತದೆ. ಒಂದು ಸಣ್ಣ ಪೈಪ್ ಸೀಳಿದರೂ ಲೆಕ್ಕ ತಪ್ಪುತ್ತದೆ. 'ಓಡುವಾಗ ಸರಿ, ನಿಂತಾಗ ಮಾತ್ರ ತ್ರಾಸು' ಅನ್ನೋದರ ಗುಟ್ಟು ಇದೇ.

ಸ್ಕ್ರೂ ತಿರುವೋದು ರಿಪೇರಿ ಅಲ್ಲ

'ಐಡ್ಲಿಂಗ್ ಕಮ್ಮಿ ಐತಿ, ಸ್ವಲ್ಪ ಏರಿಸಿಬಿಡು' ಅಂತ ಹೇಳೋದು ಕಾರ್ಬೊರೇಟರ್ ಕಾಲದ ರೂಢಿ. ಆ ಗಾಡಿಗಳಲ್ಲಿ ಐಡ್ಲಿಂಗ್ ಸ್ಕ್ರೂ ಇರುವುದೇ ಹೊಂದಿಸಲಿಕ್ಕೆ. ಆದರೆ ಎಂಪಿಎಫ್‌ಐ ಗಾಡಿಯ ಥ್ರಾಟಲ್ ಮೇಲಿರುವ ಸ್ಕ್ರೂ ಹಾಗಲ್ಲ. ತಟ್ಟೆ ಎಲ್ಲಿಗೆ ನಿಲ್ಲಬೇಕು ಅಂತ ಕಂಪನಿಯಲ್ಲೇ ಅಳೆದು ಕೂರಿಸಿದ್ದು ಅದು. ಅನೇಕ ಗಾಡಿಗಳಲ್ಲಿ ಅದರ ಮೇಲೆ ಬಣ್ಣದ ಗುರುತು ಅಥವಾ ಮುಚ್ಚಳ ಇರುತ್ತದೆ.

ಅದನ್ನು ತಿರುವಿದರೆ ತಟ್ಟೆ ಯಾವಾಗಲೂ ಸ್ವಲ್ಪ ತೆರೆದೇ ಇರುತ್ತದೆ. ಡ್ರೈವರ್ ರೇಸ್ ಒತ್ತಿದ್ದಾನೆ ಅಂತ ಕಂಪ್ಯೂಟರ್ ತಪ್ಪು ತಿಳಿಯಬಹುದು. ಐಡಲ್ ವಾಲ್ವ್‌ಗೆ ಸರಿಪಡಿಸಲು ಜಾಗವೇ ಉಳಿಯೋದಿಲ್ಲ. ಇಳಿಜಾರಿನಲ್ಲಿ ರೇಸ್ ಬಿಟ್ಟಾಗ ಇಂಧನ ನಿಲ್ಲಿಸುವ ವ್ಯವಸ್ಥೆಯೂ ಕೆಲಸ ಮಾಡದೆ ಹೋಗಬಹುದು. ಎರಡು ದಿನ ಗಾಡಿ ಬಂದ್ ಆಗದೆ ಓಡಿದಂತೆ ಕಂಡರೂ ಮೂಲ ಕಾರಣ ಹಾಗೇ ಉಳಿದಿರುತ್ತದೆ, ಪೆಟ್ರೋಲ್ ಖರ್ಚು ಮಾತ್ರ ಏರಿರುತ್ತದೆ.

ಮೊದಲು ಕೇಳಬೇಕಾದ್ದು 'ಯಾವಾಗ?'

ಸಾಮಾನು ಬದಲಿಸುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಅರ್ಧ ಪರೀಕ್ಷೆ ಇಲ್ಲೇ ಮುಗಿಯುತ್ತದೆ.

ಒಂದು: ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ಬೆಳಿಗ್ಗೆ ಮಾತ್ರ ತೊಂದರೆ ಆಗಿ ಎರಡು ಕಿಲೋಮೀಟರ್ ಓಡಿದ ಮೇಲೆ ಸರಿ ಹೋದರೆ ಹಳೆ ಪ್ಲಗ್, ಕೂಲಂಟ್ ಟೆಂಪರೇಚರ್ ಸೆನ್ಸರ್, ಮಸಿ ಹಿಡಿದ ಥ್ರಾಟಲ್ ಕಡೆ ಅನುಮಾನ. ಬಿಸಿಯಾದ ಮೇಲೆ ಮಾತ್ರ ಬಂದ್ ಆದರೆ ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್, ಇಂಧನದ ಒತ್ತಡ ನೋಡಬೇಕು. ಟೆಂಪರೇಚರ್ ಮುಳ್ಳು ಮೇಲೇರಿದ್ದರೆ ಐಡ್ಲಿಂಗ್ ಬಿಟ್ಟು ಮೊದಲು ರೇಡಿಯೇಟರ್, ಫ್ಯಾನ್ ನೋಡಿ.

ಎರಡು: ಎಸಿ ಹಾಕಿದಾಗ ಮಾತ್ರವೇ? ಎಸಿ ಕಂಪ್ರೆಸರ್ ಎಂಜಿನ್ ಮೇಲೆ ಭಾರ ಹಾಕುತ್ತದೆ. ಆ ಭಾರ ತಾಳಲು ಕಂಪ್ಯೂಟರ್ ಐಡ್ಲಿಂಗ್ ಏರಿಸಬೇಕು. ಏರಿಸಲು ಆಗದಿದ್ದರೆ ಐಡಲ್ ವಾಲ್ವ್ ಅಥವಾ ಥ್ರಾಟಲ್ ಮಸಿ ಹಿಡಿದಿರಬಹುದು. ಎಸಿ ಗ್ಯಾಸ್ ಹೆಚ್ಚಾಗಿರೋದು, ಕಂಡೆನ್ಸರ್ ಫ್ಯಾನ್ ತಿರುಗದಿರೋದೂ ಕಾರಣ ಆಗಬಹುದು.

ಮೂರು: ಎರಡೂ ಹೆಡ್‌ಲೈಟ್, ಬ್ಲೋವರ್, ಹಿಂಬದಿ ಡಿಫಾಗರ್ ಒಟ್ಟಿಗೆ ಹಾಕಿದರೆ ಐಡ್ಲಿಂಗ್ ಬೀಳುತ್ತದೆಯೇ? ಹಾಗಾದರೆ ಬ್ಯಾಟರಿ, ಆಲ್ಟರ್ನೇಟರ್ ಪರೀಕ್ಷಿಸಿ. ಎಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಬ್ಯಾಟರಿ ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ ಇದು.

ನಾಲ್ಕು: ಯಾವ ಕೆಲಸ ಆದ ಮೇಲೆ ಶುರುವಾಯ್ತು? ಇದು ಎಲ್ಲಕ್ಕಿಂತ ಮುಖ್ಯ. ಗಾಡಿ ತೊಳೆಸಿದ ಮೇಲೆ ಶುರುವಾಗಿದ್ದರೆ ಕಾಯಿಲ್ ಅಥವಾ ಕನೆಕ್ಟರ್ ಒಳಗೆ ನೀರು ಹೋಗಿರಬಹುದು. ಸರ್ವಿಸ್ ಆದ ಮೇಲೆ ಆಗಿದ್ದರೆ ಯಾವುದೋ ಪೈಪ್ ಹಾಕದೆ ಬಿಟ್ಟಿರಬಹುದು, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಕೂತಿರಲಿಕ್ಕಿಲ್ಲ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಆಗಿದ್ದರೆ ಕಂಪ್ಯೂಟರ್ ಕಲಿತಿದ್ದ ಐಡ್ಲಿಂಗ್ ಲೆಕ್ಕ ಅಳಿಸಿ ಹೋಗಿರುತ್ತದೆ. ಪೆಟ್ರೋಲ್ ಹಾಕಿಸಿದ ತಕ್ಷಣ ಆಗಿದ್ದರೆ ಇಂಧನದಲ್ಲಿ ನೀರು ಅಥವಾ ಕಲಬೆರಕೆ ಇದೆಯೇ ನೋಡಬೇಕು.

ಲಕ್ಷಣ ಯಾವುದು, ಕಾರಣ ಏನಿರಬಹುದು?

ಐಡ್ಲಿಂಗ್ ಬಿದ್ದು ಬಂದ್ ಆಗುವುದು: ಗಾಳಿ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು. ಥ್ರಾಟಲ್ ಅಂಚಿನಲ್ಲಿ ಕಪ್ಪು ಮಸಿ ಕೂತಿರೋದು, ಐಡಲ್ ವಾಲ್ವ್ ಅಂಟಿಕೊಂಡಿರೋದು, ಏರ್ ಫಿಲ್ಟರ್ ಪೂರ್ತಿ ಕಟ್ಟಿರೋದು ಸಾಮಾನ್ಯ ಕಾರಣ. ಹೊಗೆಯನ್ನು ಮರಳಿ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಬಿದ್ದರೂ ಹೀಗಾಗುತ್ತದೆ.

ಐಡ್ಲಿಂಗ್ ಜೋರಾಗಿರುವುದು: ಲೆಕ್ಕಕ್ಕಿಲ್ಲದ ಗಾಳಿ ಎಲ್ಲಿಂದಲೋ ನುಗ್ತಿದೆ. ಸೀಳಿದ ವ್ಯಾಕ್ಯೂಮ್ ಪೈಪ್, ಹಳೆಯ ಇನ್‌ಟೇಕ್ ಗ್ಯಾಸ್ಕೆಟ್ ನೋಡಿ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿರೋದು, ಕಾಲಡಿಯ ಮ್ಯಾಟ್ ಪೆಡಲ್ ಮೇಲೆ ಕೂತಿರೋದೂ ಇರಬಹುದು. ಮ್ಯಾಟ್ ಸರಿಸೋಕೆ ದುಡ್ಡು ಬೇಕಿಲ್ಲ, ಮೊದಲು ಅದನ್ನೇ ನೋಡಿ.

ಏರೋದು ಇಳಿಯೋದು: ಹೊರಗಿನ ಗಾಳಿ ನುಗ್ಗಿ ಐಡ್ಲಿಂಗ್ ಏರುತ್ತದೆ, ಕಂಪ್ಯೂಟರ್ ಇಳಿಸುತ್ತದೆ, ತೀರಾ ಇಳಿಯಿತು ಅಂತ ಮತ್ತೆ ಏರಿಸುತ್ತದೆ. ಗಾಳಿ ಸೋರಿಕೆ, ಐಡಲ್ ವಾಲ್ವ್, ಯಾರೋ ತಿರುವಿಟ್ಟ ಥ್ರಾಟಲ್ ಸ್ಕ್ರೂ ಇದಕ್ಕೆ ಕಾರಣ.

ಆರ್‌ಪಿಎಂ ಸರಿ ಇದ್ದರೂ ನಡುಗುವುದು: ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲ ಅನ್ನೋ ಸೂಚನೆ. ಇದಕ್ಕೆ ಗ್ಯಾರೇಜಿನಲ್ಲಿ 'ಮಿಸ್ಸಿಂಗ್' ಅಂತಾರೆ. ಪ್ಲಗ್, ಕಾಯಿಲ್, ಇಂಜೆಕ್ಟರ್, ಕಂಪ್ರೆಷನ್ ಈ ಕ್ರಮದಲ್ಲಿ ನೋಡಬೇಕು. ಸೈಲೆನ್ಸರ್ ಹಿಂದೆ ನಿಂತು ಕೇಳಿ. ಒಂದೇ ಸಮನೆ ಶಬ್ದ ಬಂದರೆ ಮಿಸ್ಸಿಂಗ್ ಇರಲಿಕ್ಕಿಲ್ಲ, ಎಂಜಿನ್ ಕೂರಿಸಿದ ರಬ್ಬರ್ ಮೌಂಟ್ ಹರಿದಿರಬಹುದು. 'ಪಟ್... ಪಟ್' ಅಂತ ನಡುವೆ ತಪ್ಪುತ್ತಿದ್ದರೆ ಮಿಸ್ಸಿಂಗ್.

ನಮ್ಮ ಸೀಮೆಯ ಧೂಳು, ರಾಶಿ, ಇಲಿ

ಪುಸ್ತಕದಲ್ಲಿ ಬರೆದ ಸರ್ವಿಸ್ ಲೆಕ್ಕ ನಮ್ಮ ರಸ್ತೆಗೆ ಹಾಗೇ ಒಪ್ಪೋದಿಲ್ಲ. ಹೆಚ್ಚಿನ ಕೈಪಿಡಿಗಳು ಧೂಳಿನ ಪ್ರದೇಶದಲ್ಲಿ ಏರ್ ಫಿಲ್ಟರ್ ಬೇಗ ಬದಲಿಸಿ ಅಂತಲೇ ಹೇಳುತ್ತವೆ. ಎರೆ ಹೊಲದ ನಡುವಿನ ದಾರಿಯಲ್ಲಿ ದಿನಾ ಓಡಾಡುವ ಗಾಡಿ ಖಂಡಿತ ಈ ಲೆಕ್ಕಕ್ಕೆ ಸೇರುತ್ತದೆ. ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು, ಫಿಲ್ಟರ್ ಮಡಿಕೆಯಲ್ಲಿ ಹೊಕ್ಕರೆ ತಟ್ಟಿದರೂ ಪೂರ್ತಿ ಬೀಳೋದಿಲ್ಲ.

ಸುಗ್ಗಿ ಕಾಲದಲ್ಲಿ ರಸ್ತೆ ಮೇಲೇ ರಾಶಿ ಹರಡಿರುತ್ತಾರೆ. ಅದರ ಹೊಟ್ಟು ಏರ್ ಫಿಲ್ಟರ್ ಡಬ್ಬಿಗೂ, ರೇಡಿಯೇಟರ್ ಜಾಲಿಗೂ ಹೋಗಿ ಕೂರುತ್ತದೆ. ಗಾಡಿಯ ತಳಕ್ಕೆ ಸುತ್ತಿಕೊಂಡ ಒಣ ಹುಲ್ಲು ಬಿಸಿ ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತುವ ಅಪಾಯವೂ ಇದೆ. ರಾಶಿ ದಾಟಿ ಬಂದ ಮೇಲೆ ಗಾಡಿ ನಿಲ್ಲಿಸಿ ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು.

ಮೂರನೆಯದು ಇಲಿ. ಕಿರಾಣಿ ಅಂಗಡಿ, ಕಾಳಿನ ಗೋದಾಮಿನ ಪಕ್ಕ ರಾತ್ರಿ ನಿಲ್ಲಿಸುವ ಗಾಡಿಯ ಬಾನೆಟ್ ಒಳಗೆ ಇಲಿ, ಹೆಗ್ಗಣ ಸೇರೋದು ಎಲ್ಲರಿಗೂ ಗೊತ್ತು. ಅವು ಸೀಟು ಕಡಿದರೆ ಕಣ್ಣಿಗೆ ಕಾಣುತ್ತದೆ. ಆದರೆ ಬೆರಳು ದಪ್ಪದ ವ್ಯಾಕ್ಯೂಮ್ ಪೈಪ್ ಅಥವಾ ಸೆನ್ಸರ್ ವೈರ್ ಕಡಿದರೆ ಕಾಣೋದಿಲ್ಲ. ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಐಡ್ಲಿಂಗ್ ಕೆಟ್ಟಿರುತ್ತದೆ ಅಷ್ಟೇ. 'ನಿನ್ನೆ ರಾತ್ರಿ ಸರಿ ಇತ್ತು, ಬೆಳಿಗ್ಗೆ ಎದ್ದು ನೋಡಿದರೆ ಹಿಂಗಾಗೇತಿ' ಅನ್ನೋ ದೂರಿಗೆ ಮೊದಲು ಹುಡುಕಬೇಕಾದ್ದು ಕಡಿದ ಗುರುತು.

ಇನ್ನು ಬಿಸಿಲು. ಏಪ್ರಿಲ್, ಮೇನಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಬಾನೆಟ್ ಒಳಗಿನ ಬಿಸಿ ಇನ್ನೂ ಹೆಚ್ಚು. ವರ್ಷಗಟ್ಟಲೆ ಹೀಗೆ ಬೆಂದ ರಬ್ಬರ್ ಪೈಪ್ ಗಟ್ಟಿಯಾಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆ

ಗಾಡಿ ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ಇರಲಿ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ. ಟವೆಲ್, ಸೀರೆ ಸೆರಗು, ಸಡಿಲ ತೋಳು ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಹೋಗಬಾರದು. ಎಂಜಿನ್ ಆಫ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗಬಹುದು, ನೆನಪಿರಲಿ.

1. ಏರ್ ಫಿಲ್ಟರ್: ಎಂಜಿನ್ ಆಫ್ ಮಾಡಿ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕೇ ಕಾಣದಿದ್ದರೆ ಬದಲಿಸಿ. ನೀರು, ಸೀಮೆಎಣ್ಣೆಯಲ್ಲಿ ಪೇಪರ್ ಫಿಲ್ಟರ್ ತೊಳೆಯಬೇಡಿ. ಫಿಲ್ಟರ್ ಇಲ್ಲದೆ ಗಾಡಿ ಓಡಿಸಲೇಬೇಡಿ, ಆ ಧೂಳು ನೇರ ಸಿಲಿಂಡರ್‌ಗೆ ಹೋಗುತ್ತದೆ.

2. ಕಣ್ಣು ಮತ್ತು ಕಿವಿ: ಥ್ರಾಟಲ್‌ನಿಂದ ಹೊರಡುವ ಪ್ರತಿ ಸಣ್ಣ ರಬ್ಬರ್ ಪೈಪ್ ನೋಡಿ. ಕಳಚಿದೆಯೇ, ಬಿರುಕಿದೆಯೇ, ಇಲಿ ಕಡಿದಿದೆಯೇ? ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್ ಸರಿಯಾಗಿ ಕೂತಿದೆಯೇ? ಎಂಜಿನ್ ಚಾಲೂ ಇದ್ದಾಗ 'ಸುಂಯ್' ಅನ್ನೋ ಶಬ್ದ ಬಂದರೆ ಗಾಳಿ ಸೋರಿಕೆ ಅಲ್ಲೇ ಹತ್ತಿರ ಇದೆ.

3. ಸಾಬೂನು ನೀರು: ಅನುಮಾನ ಬಂದ ಪೈಪಿನ ಜೋಡಣೆ ಮೇಲೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ಸಾಬೂನು ನೀರು ಹಾಕಿ. ಐಡ್ಲಿಂಗ್ ಒಂದು ಕ್ಷಣ ಬದಲಾದರೆ ಸೋರಿಕೆ ಅಲ್ಲೇ. ವೈರ್ ಕನೆಕ್ಟರ್, ಕಾಯಿಲ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ. ಕೆಲವರು ಇದಕ್ಕೆ ಪೆಟ್ರೋಲ್ ಅಥವಾ ಕಾರ್ಬೊರೇಟರ್ ಕ್ಲೀನರ್ ಹೊಡೀತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ, ಮಾಡಬೇಡಿ.

4. ಪ್ಲಗ್ ಬಣ್ಣ: ಪ್ಲಗ್ ತೆಗೆಸಿದಾಗ ಎಸೆಯುವ ಮುಂಚೆ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗ್ತಿದೆ. ಆಯಿಲ್ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾಗಿರಬಹುದು ಅಥವಾ ಎಂಜಿನ್ ಅತಿ ಬಿಸಿಯಾಗ್ತಿರಬಹುದು. ನಾಲ್ಕರಲ್ಲಿ ಒಂದೇ ಬೇರೆ ಬಣ್ಣ ಇದ್ದರೆ ದೋಷ ಆ ಸಿಲಿಂಡರ್‌ನಲ್ಲಿದೆ.

5. ಬ್ರೇಕ್ ಪರೀಕ್ಷೆ: ಇದನ್ನು ಬಿಡಬೇಡಿ. ಬ್ರೇಕ್ ಹಗುರ ಮಾಡುವ ಬೂಸ್ಟರ್ ಪೆಟ್ರೋಲ್ ಎಂಜಿನ್ನಿನ ವ್ಯಾಕ್ಯೂಮ್‌ನಿಂದಲೇ ನಡೆಯುತ್ತದೆ. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿ. ಪೆಡಲ್ ತಾನಾಗೇ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ, ಅಥವಾ ಬ್ರೇಕ್ ಒತ್ತಿದಾಗಲೇ ಐಡ್ಲಿಂಗ್ ಕೆಡುತ್ತಿದ್ದರೆ ಬೂಸ್ಟರ್ ಅಥವಾ ಅದರ ಪೈಪ್‌ನಲ್ಲಿ ಸೋರಿಕೆ ಇರಬಹುದು. ಆ ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸಿ.

ಥ್ರಾಟಲ್ ಸ್ವಚ್ಛ ಮಾಡಿಸುವಾಗ ಥ್ರಾಟಲ್ ಕ್ಲೀನರ್ ಮತ್ತು ಮೆತ್ತನೆ ಬಟ್ಟೆ ಸಾಕು. ಮೋಟಾರಿನ ಥ್ರಾಟಲ್ ತಟ್ಟೆಯನ್ನು ಬೆರಳಿನಿಂದ ಒತ್ತಾಯಿಸಿ ತೆರೆದರೆ ಒಳಗಿನ ಗೇರ್ ಹಾಳಾಗಬಹುದು. ಸ್ವಚ್ಛ ಮಾಡಿದ ಮೇಲೆ ಐಡ್ಲಿಂಗ್ ಜೋರಾದರೆ ಹೆದರಬೇಡಿ. ಮಸಿ ಇದ್ದಾಗಿನ ಲೆಕ್ಕವನ್ನೇ ಕಂಪ್ಯೂಟರ್ ಹಿಡಿದಿರುತ್ತದೆ. ಕೆಲವು ಗಾಡಿ ಓಡಿಸುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಹಾಕಿ ಕಲಿಸಬೇಕು.

ಸ್ಕ್ಯಾನರ್ ಏನು ಹೇಳುತ್ತದೆ?

ಈಗಿನ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಚೆಕ್ ಎಂಜಿನ್ ದೀಪ ಹತ್ತಿದರೆ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟಿದೆ ಅಂತ ಅರ್ಥ. ಪಿ0505 ಅಂದರೆ ಐಡ್ಲಿಂಗ್ ನಿಯಂತ್ರಣ ವ್ಯವಸ್ಥೆಯ ದೋಷ. ಪಿ0506 ಐಡ್ಲಿಂಗ್ ಕಮ್ಮಿ, ಪಿ0507 ಐಡ್ಲಿಂಗ್ ಹೆಚ್ಚು. ಪಿ0171 ಗಾಳಿಗೆ ತಕ್ಕ ಇಂಧನ ಇಲ್ಲ, ಪಿ0172 ಇಂಧನ ಹೆಚ್ಚಾಗಿದೆ. ಪಿ0300 ಯಾವುದೋ ಸಿಲಿಂಡರ್‌ಗಳಲ್ಲಿ ಮಿಸ್ಸಿಂಗ್, ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿ ಯಾವ ಸಿಲಿಂಡರ್ ಅಂತ ಹೇಳುತ್ತದೆ.

ಆದರೆ ಕೋಡ್ ದಾರಿ ತೋರಿಸುತ್ತದೆ, ಯಾವ ಸಾಮಾನು ಹಾಕಬೇಕು ಅಂತ ಹೇಳೋದಿಲ್ಲ. ಪಿ0171 ಬಂತು ಅಂತ ನೇರ ಆಕ್ಸಿಜನ್ ಸೆನ್ಸರ್ ಬದಲಿಸಿದರೆ, ನಿಜವಾದ ಕಾರಣ ಸೀಳಿದ ಪೈಪ್ ಆಗಿದ್ದಲ್ಲಿ ದುಡ್ಡು ನೀರಿಗೆ ಹೋದಂತೆ. ದುಬಾರಿ ಸೆನ್ಸರ್‌ಗಿಂತ ಮುಂಚೆ ಅಗ್ಗದ ಪೈಪ್ ನೋಡಬೇಕು.

ಪಿಯುಸಿ ಚೀಟಿ ಬಿಸಾಕಬೇಡಿ

ಪೆಟ್ರೋಲ್ ಗಾಡಿಯ ಹೊಗೆ ತಪಾಸಣೆ ನಡೆಯೋದೇ ಐಡ್ಲಿಂಗ್‌ನಲ್ಲಿ. ಚೀಟಿಯಲ್ಲಿ ಸಿಒ ಶೇಕಡಾವಾರು, ಎಚ್‌ಸಿ ಪಿಪಿಎಂ ಲೆಕ್ಕದಲ್ಲಿ ಇರುತ್ತದೆ. ಬಿಎಸ್-4 ಮತ್ತು ಬಿಎಸ್-6 ಪೆಟ್ರೋಲ್ ಕಾರುಗಳಿಗೆ ಮಿತಿ ಸಿಒ ಶೇ. 0.3, ಎಚ್‌ಸಿ 200. ಅದಕ್ಕೂ ಹಿಂದಿನ ಬಿಎಸ್-2, ಬಿಎಸ್-3 ಕಾರುಗಳಿಗೆ ಸಿಒ ಶೇ. 0.5, ಎಚ್‌ಸಿ 750.

ಸಿಒ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಮ್ಮಿ ಆಗಿದೆ. ಕಟ್ಟಿದ ಏರ್ ಫಿಲ್ಟರ್, ಸೋರುವ ಇಂಜೆಕ್ಟರ್, ಕೆಟ್ಟ ಸೆನ್ಸರ್ ಕಡೆ ನೋಡಿ. ಸಿಒ ಸರಿ ಇದ್ದು ಎಚ್‌ಸಿ ಮಾತ್ರ ಹೆಚ್ಚಿದ್ದರೆ ಪೆಟ್ರೋಲ್ ಸುಡದೆ ಹೊರಗೆ ಬರ್ತಿದೆ, ಅಂದರೆ ಮಿಸ್ಸಿಂಗ್. ಹಿಂದಿನ ಸಲದ ಚೀಟಿ ಇಟ್ಟುಕೊಂಡಿದ್ದರೆ ಎಷ್ಟು ಬದಲಾಗಿದೆ ಅಂತ ಹೋಲಿಸಬಹುದು. ಇದೂ ಒಂದು ರಕ್ತ ಪರೀಕ್ಷೆ ಇದ್ದಂತೆ.

ಹಳೆ ಗಾಡಿ, ಗ್ಯಾಸ್ ಗಾಡಿ, ಡೀಸೆಲ್ ಗಾಡಿ

ಕಾರ್ಬೊರೇಟರ್ ಗಾಡಿ: ಹಳೆಯ ಮಾರುತಿ 800, ಓಮ್ನಿ ಇನ್ನೂ ಇಟ್ಟುಕೊಂಡವರಿದ್ದಾರೆ. ಇವುಗಳಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡೋದು ಸೂಜಿ ಮೊನೆಯಷ್ಟು ತೂತಿನ ಪೈಲಟ್ ಜೆಟ್. ಅದರಲ್ಲಿ ಒಂದು ಕಸ ಸಿಕ್ಕರೆ ರೇಸ್ ಬಿಟ್ಟ ಕೂಡಲೇ ಬಂದ್. ಜೆಟ್, ಚೋಕ್, ಪೈಪ್ ನೋಡಿದ ಮೇಲೆ ಕೊನೆಗೆ ಸ್ಕ್ರೂ ಹೊಂದಿಸಬೇಕು.

ಸಿಎನ್‌ಜಿ, ಎಲ್‌ಪಿಜಿ ಗಾಡಿ: ಈ ಗಾಡಿಯವರ ಕೈಯಲ್ಲಿ ಒಂದು ಪುಕ್ಕಟೆ ಪರೀಕ್ಷೆ ಇದೆ, ಇಂಧನ ಬದಲಿಸುವ ಸ್ವಿಚ್. ಗ್ಯಾಸ್‌ನಲ್ಲಿ ಮಾತ್ರ ನಡುಗಿದರೆ ದೋಷ ಹೆಚ್ಚಾಗಿ ಗ್ಯಾಸ್ ಫಿಲ್ಟರ್, ರೆಡ್ಯೂಸರ್, ಗ್ಯಾಸ್ ಇಂಜೆಕ್ಟರ್ ಕಡೆ. ಪೆಟ್ರೋಲ್‌ನಲ್ಲಿ ಮಾತ್ರ ಆದರೆ ಪೆಟ್ರೋಲ್ ಇಂಜೆಕ್ಟರ್, ಪಂಪ್. ವರ್ಷಾನುಗಟ್ಟಲೆ ಗ್ಯಾಸ್‌ನಲ್ಲೇ ಓಡಿಸಿದರೆ ಪೆಟ್ರೋಲ್ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಎರಡರಲ್ಲೂ ಒಂದೇ ತ್ರಾಸು ಇದ್ದರೆ ಗಾಳಿ ಅಥವಾ ಕಿಡಿ. ಗ್ಯಾಸ್‌ಗೆ ಕಿಡಿ ಜೋರು ಬೇಕು, ಸವೆದ ಪ್ಲಗ್ ಮೊದಲು ಗ್ಯಾಸ್‌ನಲ್ಲೇ ಗೊತ್ತಾಗುತ್ತದೆ. ಗ್ಯಾಸ್ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಎಂಜಿನ್ ಆಫ್ ಮಾಡಿ, ಸಿಲಿಂಡರ್ ವಾಲ್ವ್ ಮುಚ್ಚಿ, ದೂರ ನಿಲ್ಲಿ.

ಡೀಸೆಲ್ ಗಾಡಿ: ಡೀಸೆಲ್‌ನಲ್ಲಿ ಕಿಡಿ ಇಲ್ಲ, ಐಡ್ಲಿಂಗ್ ಹೊಂದಿಸೋದು ಇಂಧನದ ಪ್ರಮಾಣದಿಂದ. ಇಲ್ಲಿ ಮೊದಲು ಡೀಸೆಲ್ ಫಿಲ್ಟರ್‌ನಲ್ಲಿ ನೀರು ನಿಂತಿದೆಯೇ, ಪೈಪ್‌ಗೆ ಗಾಳಿ ಹಿಡಿದಿದೆಯೇ, ಇಜಿಆರ್ ಕಟ್ಟಿದೆಯೇ ನೋಡಬೇಕು. ಆಮೇಲೆ ಇಂಜೆಕ್ಟರ್. ಇಂಜೆಕ್ಟರ್ ದುಬಾರಿ ಸಾಮಾನು, ಅದಕ್ಕೆ 'ಲೀಕ್ ಬ್ಯಾಕ್' ಪರೀಕ್ಷೆ ಮಾಡಿಸದೆ ಬದಲಿಸಲು ಒಪ್ಪಬೇಡಿ. ಡೀಸೆಲ್ ಓಡುತ್ತಿರುವಾಗ ಹೈ ಪ್ರೆಷರ್ ಪೈಪ್ ಸಡಿಲ ಮಾಡಬಾರದು. ಆ ಒತ್ತಡಕ್ಕೆ ಚರ್ಮವೇ ತೂತು ಬೀಳುತ್ತದೆ.

ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಚಾಲನೆ ಪಡೆದು ಈಗ ಎಲ್ಲೆಡೆ ಬಂದಿದೆ. ಎಥನಾಲ್ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಸಮೇತ ಟ್ಯಾಂಕ್ ತಳಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿ, ಮುಚ್ಚಳ ಸಡಿಲ ಇದ್ದ ಗಾಡಿಯಲ್ಲಿ ಇದರ ಅನುಮಾನ ಇಟ್ಟುಕೊಳ್ಳಿ. ಬಂಕ್‌ನಲ್ಲಿ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಬಹುದು, ಅದು ಗ್ರಾಹಕರ ಹಕ್ಕು.

ಇವು ದೋಷ ಅಲ್ಲ

ಬೆಳಿಗ್ಗೆ ತಣ್ಣಗಿದ್ದಾಗ ಐಡ್ಲಿಂಗ್ 1,200 ದಾಟಿ, ಬಿಸಿಯಾಗುತ್ತಾ ಇಳಿಯೋದು ಸಹಜ. ಎಸಿ ಕಂಪ್ರೆಸರ್ ಆನ್ ಆದಾಗ ಸ್ವಲ್ಪ ಏರೋದೂ ಸಹಜ. ಬಿಎಸ್-6 ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ಎಂಬ ಮಸಿ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಐಡ್ಲಿಂಗ್ ಏರಬಹುದು, ಫ್ಯಾನ್ ಜೋರಾಗಬಹುದು, ಬಿಸಿ ವಾಸನೆ ಬರಬಹುದು. ಆಗ ಗಾಡಿ ಕೆಟ್ಟಿತು ಅಂತ ಪದೇ ಪದೇ ಬಂದ್ ಮಾಡಿದರೆ ಆ ಕೆಲಸ ಅರ್ಧಕ್ಕೆ ನಿಂತು ನಿಜವಾದ ತೊಂದರೆ ಶುರುವಾಗುತ್ತದೆ.

ಈ ಲಕ್ಷಣ ಇದ್ದರೆ ಗಾಡಿ ಓಡಿಸಬೇಡಿ

ಚಲಿಸುವಾಗಲೇ ಎಂಜಿನ್ ಬಂದ್ ಆಗುತ್ತಿದ್ದರೆ ಭಾನಾಪುರದ ಹೆದ್ದಾರಿ ಕಡೆ ಇಳಿಯಬೇಡಿ. ಎಂಜಿನ್ ನಿಂತ ಮೇಲೆ ಬೂಸ್ಟರ್‌ನಲ್ಲಿ ಉಳಿದ ಒತ್ತಡ ಒಂದೆರಡು ಬ್ರೇಕ್‌ಗೆ ಮಾತ್ರ ಸಾಲುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗ್ ಕೂಡ ಭಾರವಾಗುತ್ತದೆ. ಹೀಗಾದರೆ ಬ್ರೇಕ್ ಪದೇ ಪದೇ ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಬದಿಗೆ ತನ್ನಿ. ಓಡುವಾಗ ಚಾವಿ ಹೊರಗೆ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು.

ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಮಿಸ್ಸಿಂಗ್ ಜೋರಾಗಿದೆ. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಸುಟ್ಟು ಹಾಕುತ್ತದೆ. ಒಂದು ಪ್ಲಗ್ ಅಥವಾ ಕಾಯಿಲ್ ಉಳಿಸಲು ಹೋಗಿ ಅದಕ್ಕಿಂತ ಹತ್ತಾರು ಪಟ್ಟು ದುಬಾರಿ ಸಾಮಾನು ಕಳೆದುಕೊಂಡಂತೆ.

ಶಟರ್ ಹಾಕಿದ ಅಂಗಡಿ, ಮುಚ್ಚಿದ ಶೆಡ್ ಒಳಗೆ ಎಂಜಿನ್ ಚಾಲೂ ಇಟ್ಟು ಪರೀಕ್ಷೆ ಮಾಡಲೇಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತು ಬಂತು ಅನ್ನೋ ಹೊತ್ತಿಗೆ ಎದ್ದು ಹೊರಗೆ ಬರುವ ಶಕ್ತಿಯೂ ಇರೋದಿಲ್ಲ. ಇದೇ ಕಾರಣಕ್ಕೆ ಗಾಜು ಏರಿಸಿ, ಎಸಿ ಹಾಕಿ ನಿಂತ ಗಾಡಿಯಲ್ಲಿ ಮಲಗುವುದೂ ಅಪಾಯ.

ಗ್ಯಾರೇಜಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು?

'ಐಡ್ಲಿಂಗ್ ಸರಿ ಇಲ್ಲ, ನೋಡು' ಅಂದರೆ ಮೆಕ್ಯಾನಿಕ್ ಎಲ್ಲಿಂದಲೋ ಶುರು ಮಾಡಬೇಕಾಗುತ್ತದೆ. ಅದರ ಬದಲು ಹೀಗೆ ಹೇಳಿ: 'ಮೊನ್ನೆ ಗಾಡಿ ತೊಳೆಸಿದ ಮೇಲೆ ಶುರುವಾಯ್ತು, ಬಿಸಿಯಾದ ಮೇಲೆ ಹೆಚ್ಚಾಗ್ತದ, ಎಸಿ ಹಾಕಿದ್ರೂ ಹಾಕದಿದ್ರೂ ಅಷ್ಟೇ, ದೀಪ ಹತ್ತೇತಿ, ಪೆಟ್ರೋಲ್ ಹಾಕಿಸಿ ಹದಿನೈದು ದಿನ ಆಗೇತಿ.' ಇಷ್ಟು ಹೇಳಿದರೆ ಒಳ್ಳೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ನಿಂತಾಗ ಬರುವ ಶಬ್ದ, ಆರ್‌ಪಿಎಂ ಮುಳ್ಳು ಕುಣಿಯೋದು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಗ್ಯಾರೇಜಿಗೆ ಹೋದಾಗ ಗಾಡಿ ಸರಿಯಾಗೇ ಇರೋದು ಎಲ್ಲರ ಅನುಭವ.

ಸ್ಕ್ಯಾನರ್ ಹಾಕಿದರೆ ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದುಕೊಳ್ಳಿ. ಸಾಮಾನು ಬದಲಿಸಿ ಅಂದರೆ 'ಇದೇ ಕೆಟ್ಟಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು?' ಅಂತ ಮರ್ಯಾದೆಯಿಂದಲೇ ಕೇಳಿ. ಕಾಯಿಲ್ ಅನುಮಾನ ಇದ್ದರೆ ಅದನ್ನು ಪಕ್ಕದ ಸಿಲಿಂಡರ್‌ಗೆ ಬದಲಿಸಿ ನೋಡಬಹುದು. ಮಿಸ್ಸಿಂಗ್ ಕೋಡ್ ಕಾಯಿಲ್ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ, ಹೋಗದಿದ್ದರೆ ಹೊಸದು ಬೇಕಿಲ್ಲ. ಬದಲಿಸಿದ ಹಳೆ ಸಾಮಾನು ವಾಪಸ್ ಪಡೆಯಿರಿ, ಬಿಲ್ ಇಟ್ಟುಕೊಳ್ಳಿ. ಒಂದೇ ದಿನ ನಾಲ್ಕು ಸಾಮಾನು ಹಾಕಿಸಬೇಡಿ. ಸರಿ ಹೋದರೂ ಯಾವುದರಿಂದ ಹೋಯ್ತು ಅಂತ ಗೊತ್ತಾಗೋದಿಲ್ಲ.

ನೋಡುವ ಕ್ರಮ ನೆನಪಿಡಿ. ಮ್ಯಾಟ್, ಪೈಪ್, ಏರ್ ಫಿಲ್ಟರ್ ನೋಡಲು ದುಡ್ಡು ಬೇಕಿಲ್ಲ. ಆಮೇಲೆ ಬ್ಯಾಟರಿ ತಪಾಸಣೆ, ಪ್ಲಗ್, ಥ್ರಾಟಲ್ ಸ್ವಚ್ಛತೆ. ಅದಾದ ಮೇಲೆ ಸ್ಕ್ಯಾನರ್ ಹೇಳಿದ ದಾರಿಯಲ್ಲಿ ಸೆನ್ಸರ್, ಕಾಯಿಲ್, ಇಂಜೆಕ್ಟರ್. ಕೊನೆಗೆ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಚ್ಚಬೇಕು ಅಂತ ಯಾರಾದರೂ ಮೊದಲ ದಿನವೇ ಹೇಳಿದರೆ, ಕಂಪ್ರೆಷನ್ ಎಷ್ಟು ಬಂತು ಅನ್ನೋ ಅಂಕಿ ಬರೆಸಿಕೊಂಡು ಕೊಪ್ಪಳ ಅಥವಾ ಗದಗದಲ್ಲಿ ಇನ್ನೊಬ್ಬರಿಗೆ ತೋರಿಸಿ, ಆಮೇಲೆ ತೀರ್ಮಾನ ಮಾಡಿ.